ಜಿಟಿಎ 6ಕ್ಕೆ ಯಾವ ಪೆಟ್ಟಿಗೆ? ನಮ್ಮ ಗಡಿನಾಡಿನ ಮನೆಗಳ ಲೆಕ್ಕದಲ್ಲಿ ಒಂದು ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಒಂದು ಮದುವೆ ಊಟ. ಹೋಳಿಗೆ ಬರುವ ಹೊತ್ತಿಗೆ ಅಕ್ಕನ ಮಗ ಪಕ್ಕದ ಎಲೆಗೆ ಬಂದು ಕೂತ. "ಮಾವ, ಜಿಟಿಎ 6 ಆಡಲು ಪಿಎಸ್ 5 ತೆಗೊಳ್ಳುವುದಾ, ಎಕ್ಸ್‌ಬಾಕ್ಸಾ? ಅಪ್ಪ ಒಪ್ಪಿದ್ದಾರೆ. ಆದರೆ ಒಂದೇ ಸಲವಂತೆ, ಮತ್ತೆ ಕೇಳ್ಬಾರದಂತೆ." ಎದುರು ಸಾಲಿನಲ್ಲಿದ್ದ ಪೆರ್ಲದ ಗೆಳೆಯನಿಗೆ ಇದು ಕೇಳಿಸಿತು. ಅವನ ತಮ್ಮ ಶಾರ್ಜಾದಲ್ಲಿದ್ದಾನೆ, ರಜೆಗೆ ಬರುವಾಗ ಪಿಎಸ್ 5 ಪ್ರೊ ತರುತ್ತೇನೆ ಅಂದಿದ್ದಾನಂತೆ. ತರಿಸಬಹುದಾ ಅಂತ ಅವನ ಪ್ರಶ್ನೆ. ಕೈ ತೊಳೆಯುವಲ್ಲಿ ಕುಂಬಳೆಯ ಪರಿಚಯದವರೊಬ್ಬರು ಸಿಕ್ಕಿದರು. "ಹಳೇ ಪಿಎಸ್ 4 ಉಂಟಲ್ಲ ಮಾರಾಯ್ರೆ, ಅದರಲ್ಲೇ ಆಗುವುದಿಲ್ವಾ?"

ಗೊತ್ತಿಲ್ಲದವರಿಗೆ ಒಂದು ಮಾತು: ಪಿಎಸ್ ಅಂದರೆ ಸೋನಿಯ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟಿನದ್ದು. ಎರಡೂ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಪೆಟ್ಟಿಗೆ, ಅಂದರೆ ಕನ್ಸೋಲ್. ಪ್ರೊ ಅಂದರೆ ಪಿಎಸ್ 5ರ ಹೆಚ್ಚು ತಾಕತ್ತಿನ ಮಾದರಿ. ಮೂರು ಪ್ರಶ್ನೆಗೂ ಉತ್ತರ ಬೇರೆ ಬೇರೆ. ಪಾಯಸ ಕುಡಿದು ಹೇಳಿ ಮುಗಿಸುವ ವಿಷಯವಲ್ಲ ಅಂತ ಬರೆಯಲು ಕೂತೆ.

ಮೊದಲು, ಗೊತ್ತಿರುವುದು ಎಷ್ಟು ಅಂತ ನೋಡೋಣ. ಜಿಟಿಎ 6, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೋ 6 ಅನ್ನುವ ವಿಡಿಯೋ ಗೇಮಿನ ಮೊದಲ ಟ್ರೇಲರನ್ನು ಅದನ್ನು ಮಾಡುವ ರಾಕ್‌ಸ್ಟಾರ್ ಕಂಪೆನಿ ಬಿಟ್ಟದ್ದು 2023ರ ಡಿಸೆಂಬರಿನಲ್ಲಿ. ಆಗ 2025ಕ್ಕೆ ಬರುತ್ತದೆ ಅಂದರು. ಆಮೇಲೆ 2026ರ ಮೇ 26 ಅಂದರು. ಅದೂ ಮುಂದೆ ಹೋಗಿ 2026ರ ನವೆಂಬರ್ 19 ಅಂತಾಯಿತು. ಹೆಸರಿಸಿದ ಯಂತ್ರಗಳು ಪಿಎಸ್ 5, ಎಕ್ಸ್‌ಬಾಕ್ಸ್ ಸಿರೀಸ್ ಎಕ್ಸ್ ಮತ್ತು ಸಿರೀಸ್ ಎಸ್. ಅಷ್ಟೇ. ಪಿಎಸ್ 4 ಇಲ್ಲ, ಕಂಪ್ಯೂಟರಿನ ಹೆಸರೂ ಇಲ್ಲ. ಕುಂಬಳೆಯವರ ಪ್ರಶ್ನೆ ಇಲ್ಲಿಗೇ ಮುಗಿಯಿತು. ಆದರೆ ಅವರ ಕಪಾಟಿನಲ್ಲಿರುವ ಪಿಎಸ್ 4 ಡಿಸ್ಕುಗಳಿಗೆ ಬೆಲೆ ಇದೆ, ಆ ವಿಷಯ ಆಮೇಲೆ ಹೇಳುತ್ತೇನೆ.

ಎರಡನೆಯ ಟ್ರೇಲರ್ 2025ರ ಮೇ ತಿಂಗಳಲ್ಲಿ ಬಂತು. ಅದನ್ನು ಮಾಮೂಲಿ ಪಿಎಸ್ 5ರಿಂದಲೇ ಹಿಡಿದದ್ದು, ಅರ್ಧ ಆಟದ ದೃಶ್ಯ, ಅರ್ಧ ಕತೆಯ ದೃಶ್ಯ ಅಂತ ಕಂಪೆನಿಯೇ ಹೇಳಿದೆ. ಇದು ಮುಖ್ಯ ಸುಳಿವು. ಅಷ್ಟು ಚಂದ ಕಾಣಲು ಪ್ರೊ ಬೇಕೇ ಬೇಕು ಅನ್ನುವ ಮಾತಿಗೆ ಆಧಾರವಿಲ್ಲ ಅಂತಾಯಿತಲ್ಲ.

ಉಳಿದದ್ದೆಲ್ಲ ಊಹೆ. ಊಹೆಯಲ್ಲೂ ಎರಡು ಜಾತಿ ಉಂಟು. ಒಂದು ಯೂಟ್ಯೂಬಿನಲ್ಲಿ ಕೆಂಪು ಬಾಣದ ಚಿತ್ರ ಹಾಕಿ ಮಾಡುವುದು. ಇನ್ನೊಂದು ಕಂಪೆನಿಯ ಹಳೇ ಅಭ್ಯಾಸ ಮತ್ತು ಯಂತ್ರದ ತಾಕತ್ತು ನೋಡಿ ಮಾಡುವುದು. ನಾನು ಎರಡನೆಯ ಜಾತಿ.

ಯಾವುದನ್ನು ತಕ್ಕಡಿಗೆ ಹಾಕಬೇಕು

ಜನ ಕೇಳುವುದು "ಎಷ್ಟು ಟೆರಾಫ್ಲಾಪ್" ಅಂತ, ಅಂದರೆ ಯಂತ್ರದ ಲೆಕ್ಕದ ವೇಗದ ಅಳತೆ. ಅದು ಕಾರು ತೆಗೊಳ್ಳುವಾಗ ಸ್ಪೀಡೋಮೀಟರಿನ ಕೊನೆಯ ಅಂಕಿ ನೋಡಿದ ಹಾಗೆ. ಪೆರ್ಲದ ತಿರುವಿನಲ್ಲಿ 200ರಲ್ಲಿ ಹೋಗುವವರು ಯಾರು?

ನಮ್ಮ ಕಡೆಯ ಮನೆಗೆ ಬೇರೆ ಐದು ವಿಷಯ ಮುಖ್ಯ. ಆಟ ಸೆಕೆಂಡಿಗೆ ಎಷ್ಟು ಫ್ರೇಮಿನಲ್ಲಿ (ಫ್ರೇಮ್ ಅಂದರೆ ಒಂದೊಂದು ಬಿಡಿ ಚಿತ್ರ) ಓಡಬಹುದು, ಮತ್ತು ಅದನ್ನು ತೋರಿಸುವ ಟಿವಿ ಮನೆಯಲ್ಲಿದೆಯಾ. ಡಿಸ್ಕ್ ಬೇಕಾ, ಡೌನ್‌ಲೋಡ್ ಸಾಕಾ. ಜಾಗ ಎಷ್ಟು. ಕರೆಂಟು ಮತ್ತು ಸಿಡಿಲು. ಹಾಳಾದರೆ ಎಲ್ಲಿಗೆ ಒಯ್ಯುವುದು. ದುಡ್ಡು ಈ ಐದರಲ್ಲೂ ಸೇರಿಕೊಂಡೇ ಇದೆ.

ಫ್ರೇಮಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಜಗಳವೆಲ್ಲ ಅಲ್ಲೇ. 30 ಫ್ರೇಮ್ ಅಂದರೆ ಆಡಬಹುದು, ಆದರೆ ಕ್ಯಾಮೆರಾ ತಿರುಗಿಸುವಾಗ ಸ್ವಲ್ಪ ತಡೆತಡೆದು ಬಂದ ಹಾಗೆ ಕಾಣುತ್ತದೆ. 60 ಅಂದರೆ ನುಣುಪು. ರಾಕ್‌ಸ್ಟಾರ್ 2013ರಲ್ಲಿ ಜಿಟಿಎ 5 ಬಿಟ್ಟಾಗ ಪಿಎಸ್ 3ರಲ್ಲಿ 30. 2018ರಲ್ಲಿ ರೆಡ್ ಡೆಡ್ ರಿಡೆಂಪ್ಶನ್ 2 ಬಂದಾಗಲೂ 30. ಜಿಟಿಎ 5ಕ್ಕೆ ಕನ್ಸೋಲಿನಲ್ಲಿ 60 ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ, ಪಿಎಸ್ 5 ಮತ್ತು ಸಿರೀಸ್ ಎಕ್ಸ್ ಆವೃತ್ತಿ ಬಂದಾಗ. ಅಂದರೆ ಎಂಟೂವರೆ ವರ್ಷದ ಹಳೇ ಆಟಕ್ಕೆ. ಹೊಸ ಯಂತ್ರದಲ್ಲಿ ಹಳೇ ಆಟ ಹಗುರವಾಗಿ ಓಡುವುದು ಸಹಜ. ಅದನ್ನು ನೋಡಿ ಹೊಸ ಆಟವೂ ಹಾಗೇ ಓಡುತ್ತದೆ ಅಂದುಕೊಳ್ಳಬಾರದು.

"ಪ್ರೊ ಇದ್ದರೆ 60 ಗ್ಯಾರಂಟಿ" ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಪ್ರೊದಲ್ಲಿ ಜಾಸ್ತಿಯಾದದ್ದು ಯಾವುದು? ಚಿತ್ರ ಬಿಡಿಸುವ ಜಿಪಿಯು. ಮಾಮೂಲಿಯಲ್ಲಿ 36 ಕಂಪ್ಯೂಟ್ ಯೂನಿಟ್ (ಜಿಪಿಯುವಿನೊಳಗೆ ಕೆಲಸ ಮಾಡುವ ಘಟಕಗಳು), ಪ್ರೊದಲ್ಲಿ 60. ಚಿತ್ರ ಬಿಡಿಸುವ ಕೆಲಸ ಸುಮಾರು 45 ಶೇಕಡಾ ಚುರುಕು ಅಂತ ಸೋನಿಯ ಲೆಕ್ಕ. ಆದರೆ ಲೆಕ್ಕಾಚಾರ ಮಾಡುವ ಸಿಪಿಯು ಅದೇ ಹಳೇ ಝೆನ್ 2, ಎಂಟು ಕೋರಿನದು. ಬೇಕಾದಾಗ 10 ಶೇಕಡಾ ವೇಗ ಏರಿಸಬಹುದು, ಅಷ್ಟೇ. ಈ ಆಟದಲ್ಲಿ ಭಾರ ಇರುವುದು ಬೀದಿಯ ನೂರಾರು ಜನ, ವಾಹನ, ಪೊಲೀಸು, ನೀರು, ಅವರವರ ನಡವಳಿಕೆ ಇವುಗಳಲ್ಲಿ. ಆ ಕೆಲಸ ಸಿಪಿಯುವಿನದ್ದು. ಅಡುಗೆಯವರು ಅಷ್ಟೇ ಜನ ಇದ್ದು ಬಡಿಸುವವರನ್ನು ಮಾತ್ರ ಹೆಚ್ಚಿಸಿದರೆ ಪಂಕ್ತಿ ಬೇಗ ಏಳುತ್ತದಾ? ಇಲ್ಲ ಅಲ್ವಾ.

ಹಾಗಾಗಿ ನನ್ನ ಊಹೆ ಇಷ್ಟು: ಮಾಮೂಲಿ ಪಿಎಸ್ 5 ಮತ್ತು ಸಿರೀಸ್ ಎಕ್ಸ್‌ನಲ್ಲಿ 30. ಪ್ರೊದಲ್ಲಿ ಅದೇ 30, ಆದರೆ ಚಿತ್ರ ಹೆಚ್ಚು ಸ್ಪಷ್ಟ, ಬೆಳಕು ಪ್ರತಿಫಲನ ಚಂದ. ಬಹಳ ಆದರೆ 40ರ ಒಂದು ಮೋಡ್ ಕೊಡಬಹುದು. ಆ 40 ಸರಿಯಾಗಿ ಕಾಣಬೇಕಾದರೆ 120 ಹರ್ಟ್ಸ್ ಟಿವಿ, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಟಿವಿ ಬೇಕು, 120ನ್ನು 40ರಿಂದ ಭಾಗಿಸಿದರೆ ಸಮ ಬರುತ್ತದೆ, 60ನ್ನು ಭಾಗಿಸಿದರೆ ಬರುವುದಿಲ್ಲ. ನಿಮ್ಮ ಟಿವಿಯ ಪೆಟ್ಟಿಗೆ ಅಟ್ಟದಲ್ಲಿ ಇದ್ದರೆ ಒಮ್ಮೆ ಇಳಿಸಿ ನೋಡಿ. ನಮ್ಮ ಕಡೆ ಹಬ್ಬದ ಆಫರಿನಲ್ಲಿ ತಂದ 43 ಇಂಚಿನ ಟಿವಿಗಳು ಹೆಚ್ಚಾಗಿ 60 ಹರ್ಟ್ಸಿನವು. ಅಂಥ ಟಿವಿಗೆ ಪ್ರೊ ಜೋಡಿಸಿದರೆ ಅದರ ಅರ್ಧ ದುಡ್ಡು ತೋಟದ ಕೆರೆಗೆ ಸುರಿದ ಹಾಗೆ.

ಡಿಸ್ಕ್ ಇರುವ ಪಿಎಸ್ 5

ನನ್ನ ಒಲವು ಇದರ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಭಾರತಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಬೆಲೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದು 39,990. 2024ರ ಏಪ್ರಿಲಿನಲ್ಲಿ ತೆಳ್ಳಗಿನ ಸ್ಲಿಮ್ ಬಂದಾಗ 54,990 ಮತ್ತು 44,990. ಹಿಂದೆಲ್ಲ ಕನ್ಸೋಲ್ ಹಳತಾದಷ್ಟೂ ಅಗ್ಗವಾಗುತ್ತಿತ್ತು. ಈ ತಲೆಮಾರಿನದ್ದು ಅಡಿಕೆಯ ಹಾಗೆ, ಹಳತಾದಷ್ಟೂ ಬೆಲೆ ಏರುತ್ತದೆ!

ಡಿಸ್ಕಿಗೆ ಯಾಕೆ ಹತ್ತು ಸಾವಿರ ಜಾಸ್ತಿ ಕೊಡಬೇಕು? ನಮ್ಮ ಕಡೆಗೆ ಎರಡು ಕಾರಣ. ಒಂದು, ಆಡಿ ಮುಗಿಸಿದ ಡಿಸ್ಕನ್ನು ಮಾರಬಹುದು, ಗೆಳೆಯನ ಜೊತೆ ಅದಲುಬದಲು ಮಾಡಬಹುದು. ಮಂಗಳೂರಿಗೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಕಾಲೇಜಿಗೆ ದಿನಾ ಹೋಗುವ ಹುಡುಗರೇ ಈ ವ್ಯಾಪಾರದ ಸೇತುವೆ. ವರ್ಷಕ್ಕೆ ನಾಲ್ಕೈದು ಆಟ ಹೀಗೆ ಕೈ ಬದಲಾದರೆ ಆ ಹತ್ತು ಸಾವಿರ ಎರಡು ವರ್ಷದಲ್ಲಿ ವಾಪಸ್. ಎರಡು, ಪಿಎಸ್ 4ರ ಡಿಸ್ಕುಗಳು ಬಹುತೇಕ ಎಲ್ಲವೂ ಇದರಲ್ಲಿ ಓಡುತ್ತವೆ. ಕುಂಬಳೆಯವರ ಕಪಾಟಿನ ಬೆಲೆ ಅಂದೆನಲ್ಲ, ಅದು ಇದೇ. ಅವರು ಡಿಸ್ಕ್ ಇಲ್ಲದ್ದು ತೆಗೊಂಡರೆ ಆ ಕಪಾಟು ಷೋಕೇಸ್ ಆಗುತ್ತದೆ.

ಡಿಸ್ಕ್ ಇದ್ದರೆ ಡೌನ್‌ಲೋಡ್ ತಪ್ಪುತ್ತದೆ ಅಂತ ಮಾತ್ರ ನಂಬಬೇಡಿ. ಡಿಸ್ಕಿನಿಂದ ಆಟವನ್ನು ಯಂತ್ರಕ್ಕೆ ತುಂಬಿಸಲೇಬೇಕು. ರೆಡ್ ಡೆಡ್ 2 ಪಿಎಸ್ 4ಕ್ಕೆ ಎರಡು ಡಿಸ್ಕಿನಲ್ಲಿ ಬಂದಿತ್ತು, ಒಂದು ತುಂಬಿಸಲು, ಒಂದು ಆಡಲು. ಜಾಗ 100 ಜಿಬಿ ಹತ್ತಿರ ತಿಂದಿತ್ತು. ಜಿಟಿಎ 6 ಅದಕ್ಕಿಂತ ದೊಡ್ಡದೇ ಆದೀತು. ಮೊದಲ ದಿನದ ಅಪ್‌ಡೇಟ್ ಬೇರೆ. ಲೆಕ್ಕ ಹಾಕಿ: 150 ಜಿಬಿ ಅಂತ ಇಟ್ಟುಕೊಂಡರೆ 40 ಎಂಬಿಪಿಎಸ್ ಲೈನಿನಲ್ಲಿ ಎಂಟು ಗಂಟೆಗಿಂತ ಜಾಸ್ತಿ. ಗುಡ್ಡೆಯ ಆಚೆ 10 ಮಾತ್ರ ಸಿಗುವ ಮನೆಗೆ ಮೂವತ್ತಮೂರು ಗಂಟೆ. ನಡುವೆ ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಅಷ್ಟೇ ಸಮಾಧಾನ. ಮೊಬೈಲ್ ಹಾಟ್‌ಸ್ಪಾಟಿನ ಆಸೆ ಬಿಡಿ.

ಸ್ಲಿಮ್‌ನಲ್ಲಿ 1 ಟಿಬಿ ಜಾಗ, ಬಳಸಲು ಸಿಗುವುದು 840 ಜಿಬಿ ಚಿಲ್ಲರೆ. ಹಳೇ ದಪ್ಪ ಮಾಡೆಲನ್ನು ಸೆಕೆಂಡ್ ಹ್ಯಾಂಡ್ ತೆಗೊಳ್ಳುವುದಾದರೆ 825 ಜಿಬಿ, ಕೈಗೆ ಸಿಗುವುದು 667. ಜಾಗ ಸಾಲದಿದ್ದರೆ ಕಂಪ್ಯೂಟರಿಗೆ ಹಾಕುವ ಎಂ.2 ಎಸ್‌ಎಸ್‌ಡಿಯನ್ನೇ (ಆಟ ತುಂಬಿಸಿಡುವ ವೇಗದ ಸ್ಟೋರೇಜ್) ಸೇರಿಸಬಹುದು, ನಾಲ್ಕನೇ ತಲೆಮಾರಿನ ಪಿಸಿಐಇ ಆಗಿರಬೇಕು. ಇದು ಎಕ್ಸ್‌ಬಾಕ್ಸಿಗಿಂತ ಅನುಕೂಲ, ಅಲ್ಲಿ ಅದರದ್ದೇ ಕಾರ್ಡ್ ಬೇಕು.

ಡಿಸ್ಕ್ ಇಲ್ಲದ ಪಿಎಸ್ 5 ಯಾರಿಗೆ? ಮನೆಗೆ ಒಳ್ಳೆ ಫೈಬರ್ ಇದ್ದು, ವರ್ಷಕ್ಕೆ ಒಂದೇ ಆಟ ಆಡುವವರಿಗೆ. ಸ್ಲಿಮ್‌ಗೆ ಡಿಸ್ಕ್ ಡ್ರೈವ್ ಆಮೇಲೆ ಸೇರಿಸಬಹುದು ಅನ್ನುವುದು ನಿಜ. ಆದರೆ ಆ ಡ್ರೈವ್ ಬಿಡಿಯಾಗಿ ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ, ಬೆಲೆ ಎಷ್ಟು ಅಂತ ಮೊದಲೇ ಕೇಳಿ.

ಶಾರ್ಜಾದಿಂದ ಬರುವ ಪ್ರೊ

ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ ಅನ್ನಬಹುದು. ಹಾಗಾಗಿ ಬೇರೆ ಊರಿನವರಿಗೆ ಇಲ್ಲದ ಆಯ್ಕೆ ನಮಗಿದೆ. ಪ್ರೊ 2024ರ ನವೆಂಬರ್ 7ರಂದು ಬಿಡುಗಡೆಯಾದಾಗ ಭಾರತಕ್ಕೆ ಬರಲಿಲ್ಲ. ಅದರ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ಅಮೆರಿಕದಲ್ಲಿ ಬಿಡುಗಡೆ ಬೆಲೆಯೇ 699.99 ಡಾಲರ್. 2 ಟಿಬಿ ಜಾಗ ಇದೆ, ಒಳ್ಳೆಯದು. ಆದರೆ ಆ ಬೆಲೆಗೂ ಡಿಸ್ಕ್ ಡ್ರೈವ್ ಇಲ್ಲ! ಅದನ್ನು ಬೇರೆ ತರಬೇಕು.

ವೋಲ್ಟೇಜಿನ ತೊಂದರೆ ಇಲ್ಲ, ಅಲ್ಲೂ 230ರ ಆಸುಪಾಸೇ. ಪ್ಲಗ್ ಮಾತ್ರ ಮೂರು ಚಪ್ಪಟೆ ಕಾಲಿನದು, ನಮ್ಮ ಗೋಡೆಗೆ ಕೂರುವುದಿಲ್ಲ. ಡಿಸ್ಕುಗಳಿಗೆ ದೇಶದ ಬೇಲಿ ಇಲ್ಲ, ಯಾವ ದೇಶದ ಯಂತ್ರದಲ್ಲೂ ಓಡುತ್ತವೆ. ಆದರೆ ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ಸಾಮಾನು ಡಿಸ್ಕಿನ ದೇಶಕ್ಕೂ ಖಾತೆಯ ದೇಶಕ್ಕೂ ಹೊಂದಬೇಕು. ಅಲ್ಲಿನ ಡಿಸ್ಕ್, ಇಲ್ಲಿನ ಖಾತೆ ಅಂದರೆ ತಲೆನೋವು. ಪ್ರೊ ಅಲ್ಲಿಂದ ತಂದರೂ ಡಿಸ್ಕ್ ಇಲ್ಲೇ ತೆಗೊಳ್ಳಿ.

ದೊಡ್ಡ ವಿಷಯ ವಾರಂಟಿ. ಕೊಂಡ ದೇಶದಲ್ಲಿ ಮಾತ್ರ. ಇದರ ರುಚಿ ನಾನು ನೋಡಿದ್ದೇನೆ. ಗಲ್ಫಿನಿಂದ ಬಂದ ನನ್ನ ಹಳೇ ಕನ್ಸೋಲ್ ಒಂದು ಸಿಡಿಲಿಗೆ ಸುಮ್ಮನಾಯಿತು. ಸಿಡಿಲು ಬಂದದ್ದು ಕರೆಂಟಿನ ವಯರಿನಲ್ಲಿ ಅಲ್ಲ. ಡಿಶ್ಶಿನ ಕೇಬಲಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ವಯರಿನಲ್ಲಿ ಕನ್ಸೋಲಿಗೆ. ಪ್ಲಗ್ ತೆಗೆದಿದ್ದೆ, ಎಚ್‌ಡಿಎಂಐ ತೆಗೆದಿರಲಿಲ್ಲ. ಸರ್ವಿಸ್ ಕೇಂದ್ರಕ್ಕೆ ಒಯ್ದರೆ ನಂಬರ್ ನೋಡಿ ಮುಟ್ಟದೆ ವಾಪಸ್ ಕೊಟ್ಟರು. ಕೊನೆಗೆ ಮೊಬೈಲ್ ರಿಪೇರಿಯ ಹುಡುಗನೊಬ್ಬ ಪೋರ್ಟ್ ಬದಲಿಸಿ ಜೀವ ತುಂಬಿದ. ಸಿಡಿಲಿಗೆ ಇಲ್ಲಿನ ವಾರಂಟಿಯೂ ಆಗುತ್ತಿರಲಿಲ್ಲವೇನೋ. ಆದರೆ ದುಡ್ಡು ಕೊಟ್ಟು ರಿಪೇರಿ ಮಾಡಿಸುವ ದಾರಿಯೂ ಇಲ್ಲದಿರುವುದು ಬೇರೆ ಸಂಕಟ.

ವಿಮಾನ ನಿಲ್ದಾಣದ ಸುಂಕವನ್ನೂ ಮರೆಯಬೇಡಿ. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಸಾಮಾನಿಗೆ ಬೆಲೆಯ ಮಿತಿ ಇದೆ. ತಮ್ಮ ಪ್ರೊದ ಜೊತೆಗೆ ಬೇರೆ ಏನೆಲ್ಲ ತರುತ್ತಾನೆ ಅಂತ ಕೂಡಿಸಿ ನೋಡಿ, ಬಿಲ್ಲು ಕೈಯಲ್ಲಿರಲಿ.

ದೊಡ್ಡ 120 ಹರ್ಟ್ಸ್ ಟಿವಿ ಮೊದಲೇ ಇದ್ದು, ತಮ್ಮ ಪ್ರೀತಿಯಿಂದ ತರುವುದಾದರೆ ಬೇಡ ಅನ್ನಬೇಡಿ. ಜಿಟಿಎ 6ಕ್ಕೆ ಅಂತಲೇ ದುಡ್ಡು ಕಳಿಸಿ ತರಿಸುವುದು ಬೇಡ.

ಎಕ್ಸ್‌ಬಾಕ್ಸಿನ ಎರಡು

ಸಿರೀಸ್ ಎಕ್ಸ್ ಕಾಗದದಲ್ಲಿ ಮಾಮೂಲಿ ಪಿಎಸ್ 5ಕ್ಕಿಂತ ಸ್ವಲ್ಪ ಮುಂದು: 12 ಟೆರಾಫ್ಲಾಪ್, ಅಲ್ಲಿ 10.28. ಆಡುವಾಗ ಆ ವ್ಯತ್ಯಾಸ ಕಾಣುವುದು ಕಷ್ಟ. ಎಸ್‌ಎಸ್‌ಡಿ ವೇಗದಲ್ಲಿ ಪಿಎಸ್ 5 ಮುಂದು. ಎರಡಕ್ಕೂ ಬರುವ ಆಟವನ್ನು ನಿಧಾನದ್ದಕ್ಕೂ ಹೊಂದುವ ಹಾಗೆ ಮಾಡುತ್ತಾರೆ, ಹಾಗಾಗಿ ಅದೂ ತೀರ್ಮಾನದ ವಿಷಯವಲ್ಲ. ನಮ್ಮ ಕಡೆ ತೊಂದರೆ ಬೇರೆ. ಮಂಗಳೂರಿನ ಅಂಗಡಿಗಳಲ್ಲಿ ಕೇಳಿ ನೋಡಿ, ಪಿಎಸ್ ಡಿಸ್ಕಿನಷ್ಟು ಸುಲಭವಾಗಿ ಎಕ್ಸ್‌ಬಾಕ್ಸ್ ಡಿಸ್ಕ್ ಸಿಗುವುದಿಲ್ಲ. ಅದಲುಬದಲು ಮಾಡಲು ಜನವೂ ಕಡಿಮೆ.

ಗೇಮ್ ಪಾಸ್ ಚಂದಾ ಅದರ ದೊಡ್ಡ ಆಕರ್ಷಣೆ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನೂರಾರು ಆಟ. ಆದರೆ ಜಿಟಿಎ 6 ಮೊದಲ ದಿನವೇ ಅದರಲ್ಲಿ ಬಂದೀತು ಅಂತ ಕಾಯಬೇಡಿ. ಜಿಟಿಎ 5 ಅದಕ್ಕೆ ಮೊದಲ ಸಲ ಸೇರಿದ್ದು 2020ರಲ್ಲಿ, ಆಮೇಲೂ ಬಂದು ಹೋಗಿ ಮಾಡುತ್ತಿತ್ತು, ಸಂಕ್ರಾಂತಿಗೆ ಬರುವ ನೆಂಟರ ಹಾಗೆ.

ಸಿರೀಸ್ ಎಸ್ ಬಗ್ಗೆ ನನಗೆ ಎರಡು ಮನಸ್ಸು. 2020ರ ನವೆಂಬರಿನಲ್ಲಿ 34,990ಕ್ಕೆ ಬಂತು, ಈಗಲೂ ಇದ್ದದ್ದರಲ್ಲಿ ಅಗ್ಗದ ದಾರಿ. ಜಿಟಿಎ 6 ಇದರಲ್ಲಿ ಓಡುತ್ತದೆ ಅಂತ ಕಂಪೆನಿಯೇ ಹೇಳಿದೆ, ಅದರಲ್ಲಿ ಊಹೆ ಇಲ್ಲ. ಹೇಗೆ ಓಡುತ್ತದೆ ಅನ್ನುವುದೇ ಪ್ರಶ್ನೆ. ಸಿಪಿಯು ಹೆಚ್ಚುಕಡಿಮೆ ದೊಡ್ಡಣ್ಣನದ್ದೇ. ಆದರೆ ಜಿಪಿಯು ಮೂರನೇ ಒಂದು ಭಾಗ, 4 ಟೆರಾಫ್ಲಾಪ್. ಮೆಮೊರಿ 16ರ ಬದಲು 10 ಜಿಬಿ. ಈ ಕಡಿಮೆ ಮೆಮೊರಿ ಹಿಂದೆ ತೊಂದರೆ ಕೊಟ್ಟದ್ದಿದೆ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸಿಗೆ ತಡವಾಗಿ ಬಂತು. ಸಿರೀಸ್ ಎಸ್‌ನಲ್ಲಿ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಕರ್ಯ ಆಗ ಕೂರಲೇ ಇಲ್ಲ, ಕೊನೆಗೆ ಅದನ್ನು ಬಿಟ್ಟೇ ಬಿಡುಗಡೆ ಮಾಡಿದರು. ಜಿಟಿಎ 6ರಲ್ಲೂ ಇದರ ಪಾಲಿಗೆ ಚಿತ್ರ ಮಸುಕಾಗಬಹುದು, ದೂರದ ಮರ ಮನೆಗಳ ವಿವರ ಕಡಿಮೆಯಾಗಬಹುದು. ಕತೆ, ಊರು, ಕೆಲಸಗಳು ಅವೇ ಇರುತ್ತವೆ.

32 ಇಂಚಿನ ಹಳೇ ಫುಲ್ ಎಚ್‌ಡಿ ಟಿವಿ ಇರುವ ಮನೆಗೆ ಆ ಮಸುಕು ಅಷ್ಟಾಗಿ ಕಾಣುವುದೂ ಇಲ್ಲ. ಅಂಥವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ 512 ಜಿಬಿಯ ಬಿಳಿ ಪೆಟ್ಟಿಗೆ ಬೇಡ, ಅದರಲ್ಲಿ ಕೈಗೆ ಸಿಗುವುದು 364 ಜಿಬಿ ಮಾತ್ರ. ಜಿಟಿಎ ಒಂದೇ ಅರ್ಧ ಮನೆ ಹಿಡಿದೀತು. 1 ಟಿಬಿಯದ್ದು ನೋಡಿ. ಡಿಸ್ಕ್ ಹಾಕುವ ಜಾಗ ಎರಡರಲ್ಲೂ ಇಲ್ಲ, ಹಾಗಾಗಿ ಒಳ್ಳೆ ಇಂಟರ್ನೆಟ್ ಇಲ್ಲದ ಮನೆಗೆ ಇದು ಆಗದು.

ಕರೆಂಟಿನ ಲೆಕ್ಕದಲ್ಲಿ ಮಾತ್ರ ಸಿರೀಸ್ ಎಸ್ ಗೆಲ್ಲುತ್ತದೆ. ಪಿಎಸ್ 5 ಭಾರದ ಆಟಕ್ಕೆ 200 ವ್ಯಾಟ್ ಆಸುಪಾಸು ಎಳೆಯುತ್ತದೆ, ಇದು 80ರ ಹತ್ತಿರ. ದಿನಕ್ಕೆ ಮೂರು ಗಂಟೆಯ ಹಾಗೆ, ನಮ್ಮ ಎರಡು ತಿಂಗಳ ಬಿಲ್ಲಿಗೆ ಪಿಎಸ್ 5 ಸುಮಾರು 36 ಯೂನಿಟ್, ಸಿರೀಸ್ ಎಸ್ 14. ಸ್ಲ್ಯಾಬಿನ ಅಂಚಿನಲ್ಲಿರುವ ಮನೆಗೆ ಆ ವ್ಯತ್ಯಾಸ ಅಪ್ಪನ ಮುಖದಲ್ಲಿ ಕಾಣುತ್ತದೆ. ಇನ್ವರ್ಟರಿನಲ್ಲಿ ಆಡುವವರು ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಕರೆಂಟು ಹೋದ ಕ್ಷಣ ಕನ್ಸೋಲ್ ಆಫ್ ಆಗಿ ಮತ್ತೆ ಏಳಬಹುದು, ಸೇವ್ ಆಗದ ಆಟ ಗೋವಿಂದ. ತುಲಾ ಮಳೆಯ ಗುಡುಗು ಶುರುವಾದರೆ ಯಾವ ಮೋಡೂ ಬೇಡ. ಪ್ಲಗ್, ಎಚ್‌ಡಿಎಂಐ, ಇಂಟರ್ನೆಟ್ ವಯರ್ ಮೂರನ್ನೂ ಕಿತ್ತಿಡಿ.

ಕಂಪ್ಯೂಟರಿಗೆ ಕಾಯುವವರಿಗೆ

ಜಿಟಿಎ 5 ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲಿನಲ್ಲಿ, ಮೊದಲ ಬಿಡುಗಡೆಯಾಗಿ 19 ತಿಂಗಳಿಗೆ. ರೆಡ್ ಡೆಡ್ 2 ಬಂದದ್ದು ಸುಮಾರು 12 ತಿಂಗಳಿಗೆ. ಅದೇ ಅಭ್ಯಾಸ ಮುಂದುವರಿದರೆ 2027ರ ಕೊನೆ ಅಥವಾ 2028ರ ಮಧ್ಯ. 60 ಫ್ರೇಮ್ ಬೇಕೇ ಬೇಕು ಅನ್ನುವವರಿಗೆ ಅದೇ ಹೆಚ್ಚು ನಂಬಬಹುದಾದ ದಾರಿ. ಮಂಗಳೂರಿನಲ್ಲಿ ಓದುವ ಹುಡುಗರಿಗೆ ಹೇಗೂ ಒಂದು ಕಂಪ್ಯೂಟರ್ ಬೇಕಾಗುತ್ತದೆ, ದುಡ್ಡು ಎರಡು ಕಡೆ ಹಂಚುವ ಬದಲು ಒಂದೇ ಕಡೆ ಹಾಕಬಹುದು. ಆದರೆ ಈ ಆಟಕ್ಕೆ ಅಂತ ಈಗಲೇ ಕಟ್ಟಿಸಬೇಡಿ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಆಕಾಶಕ್ಕೆ ಹೋಗಿದೆ, ಬಂದ ಮೆಮೊರಿಯನ್ನೆಲ್ಲ ಎಐ ಡೇಟಾ ಸೆಂಟರುಗಳು ಸೆಳೆದುಕೊಳ್ಳುತ್ತಿವೆ. ಅಲ್ಲದೆ ಆಟಕ್ಕೆ ಎಂಥ ಕಂಪ್ಯೂಟರ್ ಬೇಕು ಅಂತ ಗೊತ್ತಾಗುವ ಮೊದಲೇ ಕಟ್ಟಿಸುವುದು, ಕಾಲಿನ ಅಳತೆ ತೆಗೆಯದೆ ಚಪ್ಪಲಿ ತೆಗೊಂಡ ಹಾಗೆ.

ನಿಂಟೆಂಡೊ ಸ್ವಿಚ್ 2 ತರಿಸಿದರೆ ಆದೀತಾ ಅಂತಲೂ ಒಬ್ಬರು ಕೇಳಿದ್ದರು. ಪಟ್ಟಿಯಲ್ಲಿ ಅದರ ಹೆಸರಿಲ್ಲ.

ಇನ್ನೊಂದು ಮಾತು, ಅಪ್ಪ ಅಮ್ಮಂದಿರಿಗೆ. ಜಿಟಿಎ 5ಕ್ಕೆ ಯುರೋಪಿನಲ್ಲಿ 18 ವರ್ಷದ ಮುದ್ರೆ ಇತ್ತು, ಹೊಸದೂ ಅದೇ ಧಾಟಿಯದು. ಎಂಟನೇ ಕ್ಲಾಸಿನ ಹುಡುಗ ಹಠ ಹಿಡಿದರೆ ಯಂತ್ರ ಕೊಡಿಸಿ, ಆಟ ಬೇರೆ ಕೊಡಿಸಿ. ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಎರಡರಲ್ಲೂ ವಯಸ್ಸಿನ ಬೀಗ ಹಾಕುವ ಸೌಕರ್ಯ ಇದೆ.

ಗೆಳೆಯರ ಜೊತೆ ಆನ್‌ಲೈನ್ ಆಡುವವರು, ಎಲ್ಲರೂ ಯಾವುದರಲ್ಲಿ ಇದ್ದಾರೆ ಅಂತ ಮೊದಲು ಕೇಳಿ. ಜಿಟಿಎ 5ರ ಆನ್‌ಲೈನಿನಲ್ಲಿ ಪಿಎಸ್‌ನವರೂ ಎಕ್ಸ್‌ಬಾಕ್ಸಿನವರೂ ಒಟ್ಟಿಗೆ ಆಡಲಾಗುತ್ತಿರಲಿಲ್ಲ. ಚಂದಾ ಬೇರೆ ಕಟ್ಟಬೇಕು. ಊರಿನ ಸಣ್ಣ ಕೇಬಲ್ ಇಂಟರ್ನೆಟ್ ಆದರೆ "ನ್ಯಾಟ್ ಸ್ಟ್ರಿಕ್ಟ್" ಅಂತ ತೋರಿಸಿ ಗೆಳೆಯನ ಕೋಣೆಗೆ ಸೇರಿಸದೆ ಇರಬಹುದು. ಹಲವು ಮನೆಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುವುದರಿಂದ ಹಾಗಾಗುವುದು. ಲೈನಿನವರಿಗೆ ಹೇಳಿ ನಿಮ್ಮದೇ ವಿಳಾಸ ಸಿಗುತ್ತದಾ ಅಂತ ಕೇಳಬಹುದು.

ಯಾವಾಗ ತೆಗೊಳ್ಳುವುದು ಅನ್ನುವುದಕ್ಕೆ ಅಕ್ಕನ ಮಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬೇರೆ ಆಟ ಆಡುವ ಆಸೆ ಇದ್ದರೆ ಈಗಲೇ ತಗೋ, ಬೆಲೆ ಇಳಿಯುವ ಲಕ್ಷಣ ಇಲ್ಲ. ಇದೊಂದೇ ಆಟಕ್ಕಾದರೆ ಕಾಯು, ದಿನ ಎರಡು ಸಲ ಮುಂದೆ ಹೋದದ್ದು ಮೂರನೇ ಸಲವೂ ಹೋಗಬಹುದು. 2026ರಲ್ಲಿ ದೀಪಾವಳಿ ನವೆಂಬರ್ 8ಕ್ಕೆ, ಆಟ 19ಕ್ಕೆ. ಹಬ್ಬದ ಆಫರ್ ಬರುವ ಹೊತ್ತಿಗೆ ದಿನ ಗಟ್ಟಿಯೋ ಅಲ್ಲವೋ ಅಂತಲೂ ಗೊತ್ತಾಗಿರುತ್ತದೆ. ಅವನು ತಲೆಯಾಡಿಸಿದ. ಡಿಸ್ಕ್ ಇರುವ ಪಿಎಸ್ 5 ಅಂತ ನಿಶ್ಚಯವಾಯಿತು. ಭಾವನವರು ಎಲೆ ಮಡಚುತ್ತಾ ಕೇಳಿದ್ದು ಒಂದೇ: "ಅಲ್ಲ, ಅದರಲ್ಲಿ ಯಕ್ಷಗಾನದ ಯೂಟ್ಯೂಬ್ ಬರ್ತದಾ?" ಬರುತ್ತದೆ ಅಂದೆ. ಅವರ ಮಟ್ಟಿಗೆ ಹೋಲಿಕೆ ಅಲ್ಲಿಗೇ ಮುಗಿದಿತ್ತು.